ಐದು ಕೇಂದ್ರಗಳು, ಒಂದು ಬೀಜ: ಗಡಿಸೀಮೆಯ ಹಿಂಗಾರಿ ಜೋಳದ ಇತಿಹಾಸ

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಹೆಸರನ್ನು ಕನ್ನಡ ವಾಚಕರು ಸಾಮಾನ್ಯವಾಗಿ ಎರಡು ಕಾರಣಗಳಿಂದ ಬಲ್ಲರು. ಕಲಚುರ್ಯ ಬಿಜ್ಜಳನ ಮೊದಲಿನ ರಾಜಧಾನಿಯಾದ ಮಂಗಳವಾಡ ಇದೇ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಇಲ್ಲಿಯ ಭಂಡಾರದಲ್ಲಿ ಲೆಕ್ಕ ಬರೆಯುತ್ತಿದ್ದರೆಂಬುದು ಪರಂಪರೆಯಿಂದ ಬಂದ ಮಾತು. ಎರಡನೆಯದು ದಾಮಾಜಿಪಂತನ ಕಥೆ. ಬಹಮನಿ ಅರಸರ ಅಧಿಕಾರಿಯಾಗಿದ್ದ ಆತನು ಬರ ಬಿದ್ದಾಗ ಸರಕಾರಿ ಹಗೇವುಗಳ ಬಾಯಿ ತೆಗೆಯಿಸಿ, ಹಸಿದ ಜನಕ್ಕೆ ಧಾನ್ಯವನ್ನು ಹಂಚಿಬಿಟ್ಟನೆಂದು ಮರಾಠಿ ಸಂತಪರಂಪರೆ ಕೊಂಡಾಡುತ್ತದೆ. ಇವೆರಡಕ್ಕೆ ಈಗ ಮೂರನೆಯದೊಂದು ಸೇರಿದೆ. 2016ರಲ್ಲಿ ಮಂಗಳವೇಢೆಯ ಜೋಳಕ್ಕೆ ಭೌಗೋಲಿಕ ಸೂಚಕವೆಂಬ ಸರಕಾರಿ ಮನ್ನಣೆ ದೊರೆಯಿತು. ಮನ್ನಣೆ ದೊರೆತದ್ದು ಮಾಲದಂಡಿ ಎಂಬ ಬಿಳಿಜೋಳಕ್ಕೆ. ಅಂದರೆ ದಾಮಾಜಿಯ ಹಗೇವಿನ ಕುಲಕ್ಕೇ ಸೇರಿದ ಊರಿನ ಕಾಳಿಗೆ, ಯಾವುದೇ ಹೊಸ ಸಂಕರ ತಳಿಗಲ್ಲ.

ಇದೊಂದು ವಿಚಿತ್ರವಾದ ಸಂಗತಿ. ಕಳೆದ ನೂರು ವರ್ಷಗಳಲ್ಲಿ ಕಬ್ಬಿಣದ ನೇಗಿಲು, ರಾಸಾಯನಿಕ ಗೊಬ್ಬರ, ಸಂಕರ ಬೀಜ, ಟ್ರ್ಯಾಕ್ಟರು, ಕೊಳವೆಬಾವಿ ಎಲ್ಲವೂ ನಮ್ಮ ಸೀಮೆಗೆ ಬಂದುವು. ದೇಶದ ಆಹಾರಧಾನ್ಯದ ಉತ್ಪಾದನೆ 1950-51ರಲ್ಲಿ ಸುಮಾರು 5 ಕೋಟಿ ಟನ್ನು ಇದ್ದದ್ದು ಈಗ 30 ಕೋಟಿ ಟನ್ನುಗಳನ್ನು ದಾಟಿದೆ. ಆದರೆ ಹಿಂಗಾರಿ ಜೋಳದ ಹೊಲದಲ್ಲಿ ತೊಂಬತ್ತು ವರ್ಷಗಳಷ್ಟು ಹಿಂದೆ ಆರಿಸಿ ತೆಗೆದ ಬೀಜವೇ ಇನ್ನೂ ಮೊಳೆಯುತ್ತಿದೆ. ಹೊಸ ವಿದ್ಯೆ ಇಲ್ಲಿಗೆ ಬರಲೇ ಇಲ್ಲವೇ? ಬಂದು ಸೋತಿತೇ? ಅಥವಾ ಗೆದ್ದು ಬೇರೆ ಬೆಳೆಯ ಹೊಲಕ್ಕೆ ಹೋಯಿತೇ? ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಾಪುರ, ರಾಯಚೂರು, ಬಳ್ಳಾರಿ, ಆದವಾನಿ ಈ ಎರೆಸೀಮೆಯನ್ನು ಕಣ್ಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಕಾಸರಗೋಡು, ನೀಲಗಿರಿಗಳ ಕಡೆಯ ಬಂಧುಗಳಿಗೆ ಜೋಳದ ಮಾತು ದೂರದ್ದೆನಿಸಬಹುದು. ಅನ್ನ ಉಣ್ಣುವವರು ಒಂದು ದಿನದ ಮಟ್ಟಿಗೆ ರೊಟ್ಟಿಯ ಮನೆಗೆ ಬಂದಂತೆ ತಿಳಿಯಬೇಕು.

ಮೊದಲು ಭೂಮಿಯ ಸ್ವಭಾವ. ಸೊಲ್ಲಾಪುರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರು, ಬಳ್ಳಾರಿಯ ಕಡೆ ಸುಮಾರು 500 ಮಿಲಿಮೀಟರು ಮಳೆ ಬೀಳುತ್ತದೆ. ಮೃಗಶಿರ, ಆರಿದ್ರೆಗಳನ್ನು ನಂಬುವಂತಿಲ್ಲ. ಹುಬ್ಬಿ, ಉತ್ತರಿ, ಹಸ್ತ, ಚಿತ್ತಿಗಳೇ ನಿಜವಾದ ಮಳೆಗಳು. ಎರೆಮಣ್ಣು ಈ ಮಳೆಯನ್ನು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ರೈತನು ಮಳೆಗಾಲವೆಲ್ಲ ಹೊಲವನ್ನು ಬರಿದೇ ಬಿಟ್ಟು, ಮೇಲಿಂದ ಮೇಲೆ ಕುಂಟೆ ಹೊಡೆದು ಹದ ಮಾಡಿ, ಸಪ್ಟಂಬರ ಅಕ್ಟೋಬರದಲ್ಲಿ ಕೂರಿಗೆ ಹೂಡುತ್ತಾನೆ. ಆ ಮೇಲೆ ಬೆಳೆ ಬದುಕುವುದು ನೆಲದೊಳಗಿನ ಹಸಿಯಿಂದ ಮತ್ತು ರಾತ್ರಿಯ ಇಬ್ಬನಿ ಚಳಿಗಳ ತಂಪಿನಿಂದ. ಮಳೆ ಬಂದಾಗ ಬೆಳೆಯಿಲ್ಲ, ಬೆಳೆ ಇದ್ದಾಗ ಮಳೆಯಿಲ್ಲ. ಇಂಥ ಬೇಸಾಯವನ್ನು ಹೊರಗಿನಿಂದ ನೋಡಿದವರಿಗೆ ಇದು ಸೋಮಾರಿಯ ಒಕ್ಕಲುತನವೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಆದರೆ ಇದರ ಸಲಕರಣೆಗಳನ್ನು ನೋಡಿದರೆ ಅಭಿಪ್ರಾಯ ಬದಲಾಗುತ್ತದೆ. ಕೂರಿಗೆಯೆಂಬುದು ಬೀಜವನ್ನು ಚೆಲ್ಲದೆ, ಸಾಲು ಹಿಡಿದು, ಹಸಿ ಇರುವ ಆಳಕ್ಕೆ ಬಿದಿರಿನ ಕೊಳವೆಗಳ ಮೂಲಕ ಇಳಿಸುವ ಯಂತ್ರ. ಯುರೋಪದಲ್ಲಿ ಸಾಲುಬಿತ್ತನೆ 18ನೆಯ ಶತಮಾನದಲ್ಲಿ ಒಂದು ಹೊಸ ಶೋಧವೆನಿಸಿದಾಗ ನಮ್ಮಲ್ಲಿ ಅದು ಹಳೆಯ ರೂಢಿಯಾಗಿತ್ತು. ಹೊಲದ ವಿಸ್ತಾರವನ್ನೇ 'ಇಷ್ಟು ಕೂರಿಗೆಯ ಹೊಲ' ಎಂದು ಅಳೆಯುವಷ್ಟು ಅದು ಬಾಳಿನಲ್ಲಿ ಬೆರೆತಿತ್ತು. ಕೊಲ್ಲಾಪುರ, ಸಾಂಗಲಿಗಳ ಮರಾಠಿ ರೈತರು ಬಿತ್ತುವ ಸಾಧನಕ್ಕೆ 'ಕುರಿ' ಎನ್ನುವುದನ್ನು ಭಾಷಾಭ್ಯಾಸಿಗಳು ಗಮನಿಸಬೇಕು. ಹೊಲದ ಬದುವಿನ ಮೇಲೆ ನಿಂತರೆ ಭಾಷೆಗಳ ಗಡಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಕುಂಟೆಯು ಮೇಲ್ಮಣ್ಣನ್ನು ತೆಳುವಾಗಿ ಕೆತ್ತಿ, ಕಸ ಕೊಯ್ದು, ಬಿರುಕುಗಳನ್ನು ಮುಚ್ಚುತ್ತದೆ. ಎಡೆಕುಂಟೆಯು ಬೆಳೆಯ ಸಾಲುಗಳ ನಡುವೆ ಅದೇ ಕೆಲಸ ಮಾಡುತ್ತದೆ. ಬೆಳೆದ ಕಾಳು ಹಗೇವಿನಲ್ಲಿ, ಕಣಿಕೆ ಬಣವೆಯಲ್ಲಿ. ಎರಡು ವರ್ಷ ಬೆಳೆದು ಮೂರನೆಯ ವರ್ಷದ ಬರಕ್ಕೆ ಉಳಿಸಿಕೊಳ್ಳುವುದೇ ಈ ಒಕ್ಕಲುತನದ ಲೆಕ್ಕಾಚಾರವಾಗಿತ್ತು.

ಈ ಲೆಕ್ಕಾಚಾರವನ್ನು ಮುರಿದದ್ದು 1876-78ರ ಮಹಾಕ್ಷಾಮ. ಅಂದಿನ ಕಲಾದಗಿ ಜಿಲ್ಲೆ (ಮುಂದಿನ ವಿಜಾಪುರ ಜಿಲ್ಲೆ), ಸೊಲ್ಲಾಪುರ, ಬಳ್ಳಾರಿ ಈ ಮೂರೂ ಅತಿಯಾಗಿ ನೊಂದ ಪ್ರದೇಶಗಳು. ಸರಕಾರವು ಇದರ ತರುವಾಯ ದಖ್ಖನ್ನಿನಲ್ಲಿ 'ರಕ್ಷಣಾತ್ಮಕ' ಎಂಬ ಹೆಸರಿನ ಕಾಲುವೆಗಳನ್ನು ಕಟ್ಟಿಸಿತು. ಲಾಭಕ್ಕಾಗಿ ಅಲ್ಲ, ಧಾನ್ಯದ ಬೆಳೆಯನ್ನು ಬರದಿಂದ ಕಾಯುವುದಕ್ಕಾಗಿ ಎಂಬುದು ಅವುಗಳ ಘೋಷಿತ ಉದ್ದೇಶ. 1880ರ ದಶಕದ ನೀರಾ ಎಡದಂಡೆ ಕಾಲುವೆ ಇವುಗಳಲ್ಲಿ ಪ್ರಸಿದ್ಧವಾದುದು.

ಮುಂದೆ ನಡೆದುದು ಬೇರೆಯೇ. ಮಳೆ ಸರಿಯಾಗಿ ಬಿದ್ದ ವರ್ಷ ಎರೆಹೊಲದ ಜೋಳಕ್ಕೆ ಕಾಲುವೆಯ ನೀರು ಬೇಕಾಗಲಿಲ್ಲ. ಬೇಡದ ನೀರಿಗೆ ಪಟ್ಟಿ ಕೊಡಲು ರೈತನು ಒಪ್ಪಲಿಲ್ಲ. ಬರ ಬಂದ ವರ್ಷ ಎಲ್ಲರೂ ಒಮ್ಮೆಲೆ ನೀರು ಕೇಳಿದರು. ಕಾಲುವೆಗಳು ನಷ್ಟಕ್ಕೆ ಬಿದ್ದುವು. ಆಗ ನೀರಾವರಿ ಖಾತೆಯು ವರ್ಷವಿಡೀ ನೀರು ಕುಡಿದು ಪಟ್ಟಿ ಕೊಡುವ ಬೆಳೆಯ ಕಡೆಗೆ, ಎಂದರೆ ಕಬ್ಬಿನ ಕಡೆಗೆ ತಿರುಗಿತು. 1920ರ ದಶಕದ ಕೊನೆಗೆ ಭಾಟಘರದ ಹೊಸ ಅಣೆಕಟ್ಟು ಮುಗಿದು, ನೀರಾ ಬಲದಂಡೆ ಕಾಲುವೆಯ ನೀರು ಸೊಲ್ಲಾಪುರ ಜಿಲ್ಲೆಯ ಮಾಳಶಿರಸ, ಪಂಢರಪುರಗಳ ಕಡೆಗೆ ಹರಿಯಿತು. 1932ರಲ್ಲಿ ವಿದೇಶಿ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಬಿದ್ದ ಮೇಲೆ ಆ ನೀರಿನ ದಂಡೆಯಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದುವು. ಮಾಳೀನಗರದ ಕಾರ್ಖಾನೆ ಆ ದಶಕದ್ದು. ಜೋಳವನ್ನು ಕಾಯಲು ಬಂದ ನೀರು ಕಬ್ಬನ್ನು ಬೆಳೆಯಿತು. ಇದನ್ನು ರೈತನ ದುರಾಸೆಯೆಂದಾಗಲಿ ಸರಕಾರದ ವಂಚನೆಯೆಂದಾಗಲಿ ಹೇಳಿಬಿಡುವುದು ಸುಲಭ. ಆದರೆ ನೀರನ್ನು ಕೊಡುವ ರೀತಿಗೂ ಎರೆಮಣ್ಣಿನ ಅಗತ್ಯಕ್ಕೂ ಹೊಂದಿಕೆಯೇ ಇರಲಿಲ್ಲವೆಂಬುದು ನಿಜವಾದ ಕಾರಣ.

ಇದೇ ಕಾಲದ ಇನ್ನೊಂದು ಸಂಗತಿ ಕಬ್ಬಿಣದ ನೇಗಿಲು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲುಗಳ ಅಂಗಡಿಯಿಂದ ಆರಂಭಿಸಿ, 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳನ್ನು ಮಾಡಿದರು. ಕಬ್ಬಿಣ ತಗುಲಿದರೆ ಭೂಮಿ ಕೆಡುತ್ತದೆಂದು ರೈತರು ಅಂಜಿದರೆಂದೂ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದುವೆಂದೂ ಹೇಳುವರು. 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಮಾಳದಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡಿತು. ಈ ನೇಗಿಲು ಮಾಡಿದ ಉಪಕಾರ ದೊಡ್ಡದು: ಎರೆಹೊಲವನ್ನು ತಿಂದುಹಾಕುತ್ತಿದ್ದ ಕರಿಕೆ ಮತ್ತು ಕುಂದದ ಬೇರುಗಳನ್ನು ಮರದ ನೇಗಿಲಿನಿಂದ ಕೀಳಲಾಗುತ್ತಿರಲಿಲ್ಲ. ನಾಲ್ಕಾರು ಜೊತೆ ಎತ್ತು ಹೂಡಿ ಕಬ್ಬಿಣದ ನೇಗಿಲು ಎಳೆಸಿದರೆ ಪಾಳು ಬಿದ್ದ ಹೊಲ ಮತ್ತೆ ಹೊಲವಾಗುತ್ತಿತ್ತು. ಆದರೆ ಅಷ್ಟು ಎತ್ತು ಯಾರ ಬಳಿ ಇದ್ದುವು? ನೆರೆಯವರೊಡನೆ ಮುಯ್ಯಿ ಮಾಡಿಕೊಳ್ಳಬೇಕಿತ್ತು.

ಇಲ್ಲಿಂದ ನಮ್ಮ ಕಥೆಯ ಮುಖ್ಯ ಭಾಗ. 1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ವಿ. ಎ. ತಮ್ಹಾನೆಯವರು ಒಣಬೇಸಾಯದ ಸಂಶೋಧನೆಗೆ ಮೊದಲಿಟ್ಟರು. 1926ರಲ್ಲಿ ನೇಮಕವಾಗಿ 1928ರಲ್ಲಿ ವರದಿ ಒಪ್ಪಿಸಿದ ರಾಯಲ್ ಕೃಷಿ ಆಯೋಗವು, ನೀರಾವರಿ ಇಲ್ಲದ ಭೂಮಿಯ ಕಡೆಗೆ ಸರಕಾರದ ಲಕ್ಷ್ಯ ಹರಿಯಬೇಕೆಂದಿತು. ಇದರ ಫಲವಾಗಿ ಹುಟ್ಟಿದ ಅಖಿಲ ಭಾರತ ಕೃಷಿ ಸಂಶೋಧನ ಮಂಡಲಿಯ ಹಣದಿಂದ ಐದು ಕಡೆಗಳಲ್ಲಿ ಒಣಬೇಸಾಯದ ಕೇಂದ್ರಗಳು ತೆರೆದುವು: ಸೊಲ್ಲಾಪುರ ಮತ್ತು ವಿಜಾಪುರಗಳಲ್ಲಿ 1933ರಲ್ಲಿ, ಹಗರಿ ಮತ್ತು ರಾಯಚೂರುಗಳಲ್ಲಿ 1934ರಲ್ಲಿ, ಪಂಜಾಬದ ರೋಹತಕದಲ್ಲಿ 1935ರಲ್ಲಿ.

ಈ ಪಟ್ಟಿಯನ್ನು ಗಡಿನಾಡಿನ ಶಿಕ್ಷಕರು ಎರಡು ಸಲ ಓದಬೇಕು. ಇಡೀ ಹಿಂದುಸ್ಥಾನಕ್ಕೆಂದು ಆರಿಸಿದ ಐದು ಸ್ಥಳಗಳಲ್ಲಿ ನಾಲ್ಕು ಕನ್ನಡದ ಎರೆಸೀಮೆಯಲ್ಲಿ ಅಥವಾ ಅದರ ಅಂಚಿನಲ್ಲಿವೆ. ಆಗ ಸೊಲ್ಲಾಪುರ ಮತ್ತು ವಿಜಾಪುರಗಳು ಮುಂಬಯಿ ಇಲಾಖೆಯಲ್ಲಿದ್ದುವು. ಹಗರಿ ಮದ್ರಾಸ ಇಲಾಖೆಯ ಬಳ್ಳಾರಿ ಜಿಲ್ಲೆಯಲ್ಲಿತ್ತು. ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆದ್ದರಿಂದ ಇವು ಹೇಳಿದ ಬೇಸಾಯಕ್ರಮಗಳಿಗೆ 'ಮುಂಬಯಿ ಪದ್ಧತಿ', 'ಮದ್ರಾಸ ಪದ್ಧತಿ', 'ಹೈದರಾಬಾದು ಪದ್ಧತಿ' ಎಂದು ಬೇರೆ ಬೇರೆ ಹೆಸರುಗಳು ಬಂದುವು. ಮಣ್ಣು ಒಂದೇ, ಮಳೆ ಒಂದೇ, ರೊಟ್ಟಿಯೂ ಒಂದೇ. ಹೆಸರು ಮಾತ್ರ ಕಚೇರಿಯದು.

ಹತ್ತು ವರ್ಷಗಳ ಕೆಲಸದ ಸಾರವನ್ನು, ಈ ಸಂಶೋಧನೆಯ ಮುಂದಾಳಾಗಿದ್ದ ಎನ್. ವಿ. ಕಾನಿಟಕರರು 1944ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕೂಡಿಸಿದರು. ಮಳೆಯ ನೀರು ಹೊಲದಿಂದ ಎಷ್ಟು ಹರಿದುಹೋಗುತ್ತದೆ, ಅದರೊಡನೆ ಎಷ್ಟು ಮಣ್ಣು ಹೋಗುತ್ತದೆ ಎಂಬುದನ್ನು ಸೊಲ್ಲಾಪುರದಲ್ಲಿ ತೊಟ್ಟಿ ಕಟ್ಟಿ ಅಳೆದಿದ್ದರು. ಅವರ ಸಲಹೆ ಸರಳವಾಗಿತ್ತು: ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿರಿ, ಮೂರು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಯಿರಿ, ಉಳಿದ ವರ್ಷಗಳಲ್ಲಿ ಕುಂಟೆ ಸಾಕು, ಕೊಟ್ಟಿಗೆಗೊಬ್ಬರ ಹಾಕಿರಿ, ಬೀಜ ಕಡಿಮೆ ಹಾಕಿ ಸಾಲುಗಳನ್ನು ದೂರ ಮಾಡಿರಿ, ಎಡೆಕುಂಟೆಯನ್ನು ಮತ್ತೆ ಮತ್ತೆ ಆಡಿಸಿರಿ.

ಇದರಲ್ಲಿ ಹೊಸದೇನು ಎಂದು ರೈತನು ಕೇಳಿದರೆ ತಪ್ಪಿಲ್ಲ. ಕೂರಿಗೆ ಅವನದೇ, ಕುಂಟೆ ಅವನದೇ. ಪ್ರತಿವರ್ಷ ಆಳವಾದ ನೇಗಿಲು ಬೇಕೆಂದು ಮೊದಲಿನ ಸುಧಾರಕರು ಹೇಳುತ್ತಿದ್ದುದನ್ನು ಈ ಕೇಂದ್ರಗಳೇ ಅಳೆದು ನೋಡಿ ತಳ್ಳಿಹಾಕಿ, ಹಳೆಯ ಕುಂಟೆಗೆ ಮರ್ಯಾದೆ ಕೊಟ್ಟುವು. ಹೊಸದಾಗಿದ್ದುದು ಒಡ್ಡಿನ ಲೆಕ್ಕ ಮತ್ತು ಸಾಲಿನ ಅಂತರ. ಇಳುವರಿ ಹೆಚ್ಚಿದ್ದು ನೂರಕ್ಕೆ 15ರಿಂದ 20ರಷ್ಟು. ಹೆಕ್ಟೇರಿಗೆ 200ರಿಂದ 400 ಕಿಲೋ ಬೆಳೆಯುವ ಹೊಲದಲ್ಲಿ ನೂರಕ್ಕೆ 20 ಎಂದರೆ ಮೇಲೆ ಬರುವುದು 40ರಿಂದ 80 ಕಿಲೋ, ಅಂದರೆ ಹೆಚ್ಚೆಂದರೆ ಒಂದು ಚೀಲ. ಒಂದು ಚೀಲದ ಸಲುವಾಗಿ ಒಡ್ಡಿನ ಖರ್ಚನ್ನು ಸಾಲ ಮಾಡಿ ಹಾಕುವವರು ಕಡಿಮೆ. ಆಮೇಲಿನ ವಿದ್ವಾಂಸರು ಈ ಅಂಕಿಯನ್ನು ತೋರಿಸಿ ಐದು ಕೇಂದ್ರಗಳ ಕೆಲಸ ವಿಫಲವಾಯಿತೆಂದು ಬರೆಯುವುದುಂಟು. ನನಗೆ ಅದು ಪೂರ್ಣವಾಗಿ ಒಪ್ಪಿಗೆಯಿಲ್ಲ. ಸರಾಸರಿ ಇಳುವರಿಯ ಅಂಕಿಯಲ್ಲಿ ಮಣ್ಣು ಉಳಿದ ಲೆಕ್ಕ ಸೇರುವುದಿಲ್ಲ. 1942-43ರಲ್ಲಿ ವಿಜಾಪುರ ಜಿಲ್ಲೆಗೆ ಬರ ಬಿದ್ದಾಗ ಬರಗಾಲದ ಕಾಮಗಾರಿಯಾಗಿ ಸಮಪಾತಳಿ ಒಡ್ಡುಗಳ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯದೆ ಅದಕ್ಕೆ ಆಧಾರವಾಯಿತು. ಒಡ್ಡು ಎಲ್ಲಿ ಎಷ್ಟು ದೂರಕ್ಕೆ ಹಾಕಬೇಕೆಂಬ ತಿಳಿವಳಿಕೆ ಆ ಹೊತ್ತಿಗೆ ಸಿದ್ಧವಾಗಿದ್ದುದು ಈ ಕೇಂದ್ರಗಳ ಪ್ರಯೋಗಗಳಿಂದಲೇ. ನಮ್ಮ ಕಡೆಯ ಅನೇಕ ಹೊಲಗಳ ಮಣ್ಣು ಇಂದಿಗೂ ಅಂಥ ಒಡ್ಡುಗಳ ಹಿಂದೆ ನಿಂತಿದೆ.

ಬೀಜದ ಕಥೆ ಇದಕ್ಕೆ ಹೊಂದಿಕೊಂಡೇ ಬರುತ್ತದೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಸರಕಾರಿ ಕ್ಷೇತ್ರದಲ್ಲಿ, 1930ರ ದಶಕದಲ್ಲಿ, ಊರಿನ ಮಾಲದಂಡಿ ಜೋಳದಿಂದ ಒಳ್ಳೆಯ ತೆನೆಗಳನ್ನು ಆರಿಸುತ್ತ, ಬೇರೆ ಬೇರೆ ಸಾಲು ಹಿಡಿದು ಬೆಳೆಸುತ್ತ, ಕೊನೆಗೆ ಒಂದು ಸಾಲನ್ನು ನಿಲ್ಲಿಸಿದರು. ಅದಕ್ಕೆ ಎಂ 35-1 ಎಂಬ ಅಂಕಿತ ಬಿದ್ದಿತು. ಇದು ಬೆರಕೆಯಲ್ಲ, ರೈತನ ಹೊಲದಲ್ಲಿ ಮೊದಲೇ ಇದ್ದುದನ್ನು ಸೋಸಿ ತೆಗೆದದ್ದು. ನಮ್ಮ ಅಜ್ಜಿಯರು ಬೀಜದ ಸಲುವಾಗಿ ಕಣದಲ್ಲಿ ತೆನೆ ಆರಿಸಿ ಮನೆಯ ತೊಲೆಗೆ ಕಟ್ಟುತ್ತಿದ್ದರಷ್ಟೆ. ಅದನ್ನೇ ಅಳತೆಯಿಂದ, ಲೆಕ್ಕದಿಂದ, ಹಲವು ವರ್ಷ ಬಿಡದೆ ಮಾಡಿದ ಕೆಲಸ. ಕಾಳು ದುಂಡಾಗಿ, ದಪ್ಪವಾಗಿ, ಮುತ್ತಿನಂತೆ ಹೊಳೆಯುವುದು. ದಂಟು ಎತ್ತರ, ಕಣಿಕೆ ಸಮೃದ್ಧ. ಸುಳಿಕೊರೆಯುವ ನೊಣದ ಕಾಟವನ್ನೂ ಹಸಿಯ ಕೊರತೆಯನ್ನೂ ಮಟ್ಟಿಗೆ ತಾಳುವುದು. ಕನ್ನಡ ಜಿಲ್ಲೆಗಳಲ್ಲಿಯೂ ಇದೇ ರೀತಿ ಮುಗುತಿ, ಅಣ್ಣಿಗೇರಿ ಮೊದಲಾದ ಆಯ್ಕೆಗಳು ಆಗಿದ್ದುವು. ಅವುಗಳ ಹೆಸರು ಹಿಂದೆ ಬಿದ್ದು ಮಾಲದಂಡಿಯ ಹೆಸರೇ ಎಲ್ಲೆಡೆ ನಿಂತಿತು.

ಆಮೇಲೆ ಗಡಿಗಳು ಬಂದುವು. 1948ರಲ್ಲಿ ಜತ್ತ ಮತ್ತು ಅಕ್ಕಲಕೋಟೆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಒಡೆಯಿತು: ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದುವು, ಹಗರಿಯ ಕೇಂದ್ರ ಮೈಸೂರಿನಲ್ಲಿ ಉಳಿಯಿತು. 1956ರಲ್ಲಿ ವಿಜಾಪುರ ಮತ್ತು ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿಯಲ್ಲಿಯೂ 1960ರಿಂದ ಮಹಾರಾಷ್ಟ್ರದಲ್ಲಿಯೂ ಉಳಿದುವು. ಭಾಷೆಯ ದೃಷ್ಟಿಯಿಂದ ಈ ಗೆರೆಗಳ ಸರಿತಪ್ಪುಗಳನ್ನು ನಮ್ಮವರು ಬೇಕಾದಷ್ಟು ಚರ್ಚಿಸಿದ್ದಾರೆ. ಒಕ್ಕಲುತನದ ದೃಷ್ಟಿಯಿಂದ ಯಾರೂ ನೋಡಿದಂತಿಲ್ಲ. ಆದವಾನಿಯ ಎರೆಗೂ ರಾಯದುರ್ಗದ ಮಸಾರಿಗೂ ಹತ್ತಿರದ ಪ್ರಯೋಗಕ್ಷೇತ್ರವಾಗಿದ್ದ ಹಗರಿ ಬೇರೆ ರಾಜ್ಯದ್ದಾಯಿತು. ಜತ್ತದ ಹೊಲಕ್ಕೆ ಸಮೀಪದ ವಿಜಾಪುರವೂ ಹಾಗೆಯೇ. ಅಕ್ಕಲಕೋಟೆಯ ಕನ್ನಡ ರೈತನಿಗೆ ಖಾತೆಯ ತಿಳಿವಳಿಕೆ ಪತ್ರಿಕೆ ಮರಾಠಿಯಲ್ಲಿ ಬಂತು, ಆದವಾನಿಯವನಿಗೆ ತೆಲುಗಿನಲ್ಲಿ. ಬೀಜಕ್ಕೆ ಮಾತ್ರ ಈ ಅಡ್ಡಿ ತಟ್ಟಲಿಲ್ಲ. ಬಂಡಿಯಲ್ಲಿ, ಬೀಗರ ಮನೆಯ ಗಂಟಿನಲ್ಲಿ, ಸಂತೆಯ ಚೀಲದಲ್ಲಿ ಮಾಲದಂಡಿ ಗಡಿ ದಾಟಿ, ಕರ್ನಾಟಕದ ಹಿಂಗಾರಿ ಹೊಲಗಳಲ್ಲಿಯೂ ಮುಖ್ಯ ತಳಿಯಾಗಿ ನೆಲೆ ನಿಂತಿತು.

1964ರಲ್ಲಿ ಸಿ.ಎಸ್.ಎಚ್. 1 ಎಂಬ ದೇಶದ ಮೊದಲ ಸಂಕರ ಜೋಳ ಹೊರಬಂತು. ಇದರ ತಾಯಿ ಅಮೆರಿಕದಿಂದ ಬಂದ ಕಾಫಿರ್ ಜೋಳದ ಸಾಲು. ಗಿಡ ಗಿಡ್ಡ, ತೆನೆ ಭಾರ, ನೂರು ದಿನಗಳಲ್ಲಿ ಬೆಳೆ. ಗೊಬ್ಬರ ಹಾಕಿದರೆ ಹಳೆಯ ಜೋಳಕ್ಕಿಂತ ಎಷ್ಟೋ ಪಟ್ಟು ಕಾಳು ಕೊಡುತ್ತಿತ್ತು. ಮುಂಗಾರಿ ಜೋಳದ ಪ್ರದೇಶಗಳಲ್ಲಿ ಇದೂ ಇದರ ತಮ್ಮಂದಿರೂ ಹರಡಿ ದೇಶದ ಜೋಳದ ಇಳುವರಿಯನ್ನು ಏರಿಸಿದುದು ನಿರ್ವಿವಾದ. ಆದರೆ ಬೇಗ ಬಲಿಯುವ ತೆನೆಗೆ ಮಳೆ ಸಿಕ್ಕು ಕಾಳು ಬೂಷ್ಟು ಹಿಡಿದು ಕಪ್ಪಾಗುತ್ತಿತ್ತು. ರೊಟ್ಟಿ ಬಿರುಸಾಗುತ್ತಿತ್ತು. ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳಬೇಕಿತ್ತು. ಎಲ್ಲಕ್ಕೂ ಮಿಗಿಲಾಗಿ ಕಣಿಕೆ ಇರಲಿಲ್ಲ. ನಮ್ಮ ಸೀಮೆಯಲ್ಲಿ ಜೋಳವೆಂಬುದು ಒಂದು ಬೆಳೆಯಲ್ಲ, ಎರಡು: ತೆನೆ ಮನುಷ್ಯರಿಗೆ, ದಂಟು ದನಗಳಿಗೆ. ಇಳುವರಿಯ ತಖ್ತೆಯಲ್ಲಿ ಕಾಳಿಗೆ ಮಾತ್ರ ಕಾಲಮು ಇರುತ್ತದೆ. ಎತ್ತು ಕಟ್ಟಿದವನ ಲೆಕ್ಕದಲ್ಲಿ ಕಣಿಕೆಯ ಬೆಲೆ ಕೆಲವು ವರ್ಷ ಕಾಳಿನ ಬೆಲೆಗೆ ಸರಿಸಮನಾಗುವುದುಂಟು. ಹಿಂಗಾರಿಗೆಂದೇ ಆಮೇಲೆ ಮಾಡಿದ ಸಂಕರ ತಳಿಗಳೂ ಹೆಚ್ಚು ನಿಲ್ಲಲಿಲ್ಲ. ಹಸಿ ಇಳಿಯುತ್ತಿರುವ ನೆಲದಲ್ಲಿ, ಚಳಿಯಲ್ಲಿ, ಗೊಬ್ಬರದ ಶಕ್ತಿ ತೋರಲು ನೀರೇ ಇರುವುದಿಲ್ಲ. ಗೋಧಿ, ಭತ್ತಗಳಲ್ಲಿ ಗಿಡ್ಡ ತಳಿ, ಗೊಬ್ಬರ, ನೀರು ಈ ಮೂರೂ ಕೂಡಿ ಗೆದ್ದುವು. ಇಲ್ಲಿ ಮೂರನೆಯದು ಇಲ್ಲದ್ದರಿಂದ ಮೊದಲೆರಡು ನಿರರ್ಥಕವಾದುವು.

ಸಂಕರ ಜೋಳದ ಪ್ರಚಾರ ಭರದಲ್ಲಿದ್ದಾಗಲೇ 1972-73ರ ಬರ ಮಹಾರಾಷ್ಟ್ರವನ್ನು ಹಿಡಿಯಿತು. ಬರಗಾಲದ ಕಾಮಗಾರಿಗಳ ಮೇಲೆ ಒಂದು ಹಂತದಲ್ಲಿ ಸುಮಾರು 50 ಲಕ್ಷ ಜನರು ದುಡಿಯುತ್ತಿದ್ದರು. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಹಿರಿಯರಿಗೆ ಈ ಬರ ನೆನಪಿರುವುದು ಖಡಿ ಒಡೆದ ಕೈಗಳಿಂದ, ಸುಕಡಿಯಿಂದ ಮತ್ತು ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳದಿಂದ. ಜೋಳದ ಕಣಜವೆನಿಸಿದ ಸೀಮೆ ಅಮೆರಿಕದ ದನಗಳ ಮೇವಿನ ಜೋಳವನ್ನು ಉಂಡಿತು. ಆದರೆ ಆ ವರ್ಷ ಜನರು ಹಸಿವಿನಿಂದ ಗುಂಪುಗುಂಪಾಗಿ ಸಾಯಲಿಲ್ಲ. 1876ಕ್ಕೂ 1972ಕ್ಕೂ ನಡುವಿನ ಅಂತರ ಅದು. ಈ ಅಂತರವನ್ನು ತಂದುಕೊಟ್ಟದ್ದರಲ್ಲಿ ಕೂಲಿ ಕೊಟ್ಟ ಕಾಮಗಾರಿಯ, ರೇಲ್ವೆಯ, ಪಡಿತರದ ಪಾಲು ದೊಡ್ಡದು. ನಮ್ಮ ಹೊಲಗಳ ಪಾಲು ಅದರಲ್ಲಿ ಇರಲಿಲ್ಲ. ಆ ಕಾಮಗಾರಿಗಳ ಅನುಭವದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಕಾಯದೆ 1977ರಲ್ಲಿ ರೂಪುಗೊಂಡಿತು.

ಈ ಬರದ ನಂತರ ನೀರಿನ ತಂತ್ರವು ರಭಸದಿಂದ ಬಂತು. ಬಂಡೆ ಕೊರೆಯುವ ಯಂತ್ರಗಳು ಹಳ್ಳಿಹಳ್ಳಿಗೆ ಬಂದುವು. ಪ್ರಾಸಂಗಿಕವಾಗಿ ಹೇಳುವುದಾದರೆ, ಜಗತ್ತಿನ ಬಡ ದೇಶಗಳಲ್ಲೆಲ್ಲ ಹರಡಿದ 'ಇಂಡಿಯಾ ಮಾರ್ಕ್ 2' ಕೈಪಂಪಿನ ಮೂಲರೂಪ ಸೊಲ್ಲಾಪುರದಲ್ಲಿ ಸಿದ್ಧವಾದ ಪಂಪು. ನಮ್ಮ ಮಕ್ಕಳ ಪಠ್ಯದಲ್ಲಿ ಇದು ಇರಬೇಕಾದ ಮಾತು. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟು 1980ರ ಹೊತ್ತಿಗೆ ಮುಗಿಯಿತು. ಅದರ ಹೊಟ್ಟೆಯಲ್ಲಿ 117 ಟಿ.ಎಂ.ಸಿ. ನೀರು ಹಿಡಿಯುತ್ತದೆ. ನೀರಾ ಕಾಲುವೆಯ ಚರಿತ್ರೆ ದೊಡ್ಡ ಪ್ರಮಾಣದಲ್ಲಿ ಪುನಃ ನಡೆಯಿತು. ಸೊಲ್ಲಾಪುರ ಇಂದು ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗಳಲ್ಲಿ ಒಂದು. ಕಾಲುವೆ ಮುಟ್ಟದ ಕಡೆ ಕೊಳವೆಬಾವಿ ಮತ್ತು ಹನಿ ನೀರಾವರಿಯಿಂದ ದಾಳಿಂಬೆ, ದ್ರಾಕ್ಷಿಗಳು ಬೆಳೆದುವು. 1933ರಲ್ಲಿ ಒಣಬೇಸಾಯದ ಕೇಂದ್ರ ತೆರೆದ ಊರಿನಲ್ಲಿ 2005ರಲ್ಲಿ ದಾಳಿಂಬೆಯ ರಾಷ್ಟ್ರೀಯ ಸಂಶೋಧನ ಕೇಂದ್ರ ತೆರೆಯಿತು. ಹಿಂಗಾರಿ ಜೋಳದ ಕೇಂದ್ರವೂ ಅಲ್ಲಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು.

ರೈತನು ತಪ್ಪು ಮಾಡಿದನೆಂದು ನಾನು ಹೇಳುವುದಿಲ್ಲ. ದಾಳಿಂಬೆಯ ಒಂದು ಎಕರೆಯಿಂದ ಮಕ್ಕಳನ್ನು ಓದಿಸಬಹುದು. ಜೋಳದ ಹತ್ತು ಎಕರೆಯಿಂದ ಆಗದು. ನೀರು ಎಲ್ಲರಿಗೂ ಮುಟ್ಟಲಿಲ್ಲವೆಂಬುದೂ ಅಷ್ಟೇ ನಿಜ. ಜತ್ತ ತಾಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳು ಮ್ಹೈಸಾಳ ಏತ ನೀರಾವರಿಯ ದಾರಿ ಕಾಯುತ್ತ ದಶಕಗಳನ್ನು ಕಳೆದುವು. ನಲವತ್ತರಷ್ಟು ಹಳ್ಳಿಗಳವರು ನೀರು ಸಿಗದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಹಿಂದೊಮ್ಮೆ ಠರಾವು ಮಾಡಿದ್ದು 2022ರ ಕೊನೆಯಲ್ಲಿ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಭಾಷೆಗಾಗಿ ಎದ್ದ ಗಡಿಪ್ರಶ್ನೆ ನೀರಿನ ಪ್ರಶ್ನೆಯ ಬಾಯಿಂದ ಮಾತಾಡಿದ್ದು ಇಲ್ಲಿ ಕಾಣುತ್ತದೆ. ದಕ್ಷಿಣಕ್ಕೆ ಹೋದರೆ, ರಾಯದುರ್ಗದ ಮಸಾರಿಯಲ್ಲಿ ಶೇಂಗಾ, ಆದವಾನಿಯ ಎರೆಯಲ್ಲಿ ಹತ್ತಿ ಮೇಲುಗೈ ಪಡೆದುವು. 1999ರಲ್ಲಿ ಬಿಡುಗಡೆಯಾದ ಜೆ.ಜಿ. 11 ಮೊದಲಾದ ಅಲ್ಪಾವಧಿಯ ಕಡಲೆಯ ತಳಿಗಳು ಕರ್ನೂಲು, ಬಳ್ಳಾರಿ, ವಿಜಾಪುರಗಳಲ್ಲಿ ಹಿಂಗಾರಿ ಜೋಳದ ಹೊಲವನ್ನೇ ಹಿಡಿದುವು. ಕಡಲೆಯೂ ಆಹಾರವೇ, ಇದನ್ನು ನಷ್ಟವೆಂದು ಬರೆದರೆ ತಪ್ಪಾಗುತ್ತದೆ. ಅದು ಹೊಸ ವಿದ್ಯೆ ಒಣಹೊಲದಲ್ಲಿಯೇ ಪಡೆದ ಒಂದು ಗೆಲುವು.

ಯಂತ್ರಗಳ ವಿಷಯಕ್ಕೆ ಬಂದರೆ, ಟ್ರ್ಯಾಕ್ಟರು ನೇಗಿಲು, ಕುಂಟೆ, ಕೂರಿಗೆ ಮೂರನ್ನೂ ತನ್ನ ಬೆನ್ನಿಗೆ ಕಟ್ಟಿಕೊಂಡಿತು. ರಾಶಿ ಯಂತ್ರ ಬಂದು ಹಂತಿ ಹೋಯಿತು. ಹಂತಿಯೊಡನೆ ಹಂತಿಯ ಪದಗಳೂ ಹೋದುವು. ರಾತ್ರಿಯೆಲ್ಲ ಎತ್ತುಗಳ ಹಿಂದೆ ಸುತ್ತುತ್ತ ಹಾಡುತ್ತಿದ್ದುದು ನಿದ್ದೆ ಬಾರದಿರಲೆಂದು. ಈಗ ಗಂಟೆಯೊಳಗೆ ಕಾಳು ಚೀಲಕ್ಕೆ ಬೀಳುವಾಗ ಹಾಡುವ ಅಗತ್ಯವೂ ಇಲ್ಲ, ಹಾಡಿದರೆ ಕೇಳಿಸುವುದೂ ಇಲ್ಲ. ನನ್ನ ತರಗತಿಯ ಮಕ್ಕಳಿಗೆ 'ಹಗೇವು', 'ಮೇಟಿ', 'ಹಂತಿ' ಎಂಬ ಮಾತುಗಳನ್ನು ಚಿತ್ರ ಬರೆದು ತಿಳಿಸಬೇಕಾಗುತ್ತದೆ. ಇದು ಅವರ ತಪ್ಪಲ್ಲ. ನಮ್ಮ ಸಂಘದ ಸದಸ್ಯರು ತಮ್ಮ ತಮ್ಮ ಊರಿನ ಹಿರಿಯರಿಂದ ಬೇಸಾಯದ ಮಾತುಗಳನ್ನೂ ಹಳೆಯ ಜೋಳದ ಹೆಸರುಗಳನ್ನೂ ಬರೆದಿಡುವುದಾದರೆ ಈಗಲೇ ಬರೆದಿಡಬೇಕು. ಯಂತ್ರವು ಬಿಟ್ಟುಬಿಟ್ಟ ಕೆಲಸ ಒಂದಿದೆ: ಆಳೆತ್ತರದ ಮಾಲದಂಡಿಯನ್ನು ಬೇರುಸಹಿತ ಕೀಳುವುದು. ಅದನ್ನು ಇಂದಿಗೂ ಬಹುಮಟ್ಟಿಗೆ ಕೈಯಿಂದಲೇ ಕೀಳಬೇಕು. ಮಾಘಮಾಸದ ಬಿಸಿಲಲ್ಲಿ ಜೋಳ ಕೀಳುವ ಆಳು ಸಿಗುವುದಿಲ್ಲ. ಸಿಕ್ಕರೆ ಕೂಲಿ ಪೂರೈಸುವುದಿಲ್ಲ. ಬೀಜದ ದೋಷಕ್ಕಿಂತ ಈ ಕಾರಣಕ್ಕೇ ಜೋಳ ಬಿಟ್ಟವರು ಹೆಚ್ಚೆಂದು ನನ್ನ ಎಣಿಕೆ.

ದೇಶದ ಒಟ್ಟು ಅಂಕಿಗಳು ಹೀಗಿವೆ. 1950-51ರಲ್ಲಿ ಜೋಳದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 350 ಕಿಲೋ. ಈಗ ಅದು ಒಂದು ಟನ್ನಿನ ಆಸುಪಾಸಿನಲ್ಲಿದೆ. 1970-71ರಲ್ಲಿ ಸುಮಾರು 1 ಕೋಟಿ 70 ಲಕ್ಷ ಹೆಕ್ಟೇರುಗಳಲ್ಲಿ ಜೋಳವಿತ್ತು. ಈಗ ಸುಮಾರು 40 ಲಕ್ಷ. ಇಳುವರಿ ಮೂರು ಪಟ್ಟಿಗೆ ಸಮೀಪ ಏರಿತು, ಹೊಲ ಕಾಲುಭಾಗಕ್ಕೆ ಇಳಿಯಿತು. ಎಕರೆಗೆ ಎಷ್ಟು ಎಂದು ಕೇಳಿದರೆ ಹೊಸ ವಿದ್ಯೆ ಗೆದ್ದಿದೆ. ಊರಿಗೆ ಎಷ್ಟು ಎಂದು ಕೇಳಿದರೆ ಉತ್ತರ ಬೇರೆ. ಪಂಜಾಬದ ಗೋಧಿ, ಗೋದಾವರಿ ಕೃಷ್ಣೆಯರ ಅಕ್ಕಿ ಪಡಿತರದ ಅಂಗಡಿಗೆ ಅಗ್ಗವಾಗಿ ಬಂದಂತೆ ಬಡವನ ಗಂಗಾಳದಲ್ಲಿ ರೊಟ್ಟಿಯ ಜಾಗವನ್ನು ಅನ್ನ ಚಪಾತಿಗಳು ಹಿಡಿದುವು. ಒಂದು ಕಾಲಕ್ಕೆ ಬಡವರ ಧಾನ್ಯವೆನಿಸಿದ್ದ ಬಿಳಿಜೋಳದ ಬೆಲೆ ಪೇಟೆಯಲ್ಲಿ ಗೋಧಿಯ ಬೆಲೆಯನ್ನು ದಾಟಿ ಹೋಗಿದೆ. ಬೆಳೆದವರು ಸ್ವಲ್ಪ ತಮಗೆ ಇಟ್ಟುಕೊಂಡು ಉಳಿದುದನ್ನು ಮಾರುವರು. ಪುಣೆ, ಮುಂಬಯಿಗಳ ವೈದ್ಯರ ಸಲಹೆಯಂತೆ ಶ್ರೀಮಂತರು ಕೊಳ್ಳುವರು.

ಕೇಂದ್ರ ಸರಕಾರವು ಪ್ರತಿವರ್ಷ ಕನಿಷ್ಠ ಬೆಂಬಲ ಬೆಲೆಗಳ ಪಟ್ಟಿಯನ್ನು ಹೊರಡಿಸುತ್ತದೆ. ಅದರಲ್ಲಿ ಜೋಳಕ್ಕೆ ಎರಡು ಸಾಲುಗಳಿವೆ. ಒಂದು 'ಹೈಬ್ರಿಡ್', ಇನ್ನೊಂದು 'ಮಾಲದಂಡಿ'. ಅರುವತ್ತು ವರ್ಷಗಳ ಸಂಕರ ತಳಿಗಳೆಲ್ಲ ಒಂದು ಸಾಲಿನಲ್ಲಿ ಅಡಕವಾಗಿವೆ, ಮೊಹೋಳದ ಸೀಮೆಯ ಹೆಸರಿಗೆ ಒಂದು ಸಾಲು ಪ್ರತ್ಯೇಕವಾಗಿ ನಿಂತಿದೆ. 2023-24ರಲ್ಲಿ ಕ್ವಿಂಟಲಿಗೆ ಮೊದಲನೆಯದಕ್ಕೆ 3180 ರೂಪಾಯಿ, ಎರಡನೆಯದಕ್ಕೆ 3225 ರೂಪಾಯಿ. ವ್ಯತ್ಯಾಸ 45 ರೂಪಾಯಿ. ಸೊಲ್ಲಾಪುರದ ಪೇಟೆಯಲ್ಲಿ ಅವೆರಡರ ಬೆಲೆಯ ಅಂತರ ಇದಕ್ಕಿಂತ ಬಹಳ ದೊಡ್ಡದೆಂಬುದನ್ನು ಅಲ್ಲಿಯ ಹಮಾಲನೂ ಬಲ್ಲ.